ವಿಯೆಟ್ನಾಂನ ಹನೋಯ್ ಪಕ್ಕದ ವಾನ್ ಫುಕ್ ರೇಷ್ಮೆ ಹಳ್ಳಿಗೆ ಹೋಗಿ ಬರಬಹುದಾ? ಅಲ್ಲಿ ಏನು ನೋಡಬೇಕು?

ಖಂಡಿತ ಹೋಗಿ, ಅರ್ಧ ದಿನ ಸಾಕು. ಹನೋಯ್ ನಡುಭಾಗದಿಂದ ಸುಮಾರು 10 ಕಿ.ಮೀ. ಹನೋಯ್‌ನ ಕಾಟ್ ಲಿನ್ ನಿಲ್ದಾಣದಿಂದ ಮೆಟ್ರೋ ಹತ್ತಿ ಹಾ ಡಾಂಗ್ ಕಡೆ ಇಳಿದು, ಅಲ್ಲಿಂದ ಟ್ಯಾಕ್ಸಿ ಹಿಡಿಯಿರಿ.

ಹೆಸರಿಗಷ್ಟೇ ಹಳ್ಳಿ. ಈಗ ಅದು ಊರೊಳಗೇ ಸೇರಿಕೊಂಡಿದೆ. ಬಣ್ಣಬಣ್ಣದ ಕೊಡೆ ಕಟ್ಟಿದ ಬೀದಿಯಲ್ಲಿ ಎಲ್ಲರೂ ಫೋಟೋ ತೆಗೆಸಿಕೊಳ್ಳುತ್ತಾರೆ. ಅದು ಐದು ನಿಮಿಷದ ಕೆಲಸ, ಅಲ್ಲೇ ನಿಂತುಬಿಡಬೇಡಿ. ಮಗ್ಗದ ಖಟಖಟ ಸದ್ದು ಬರುವ ಕಡೆ ನಡೆಯಿರಿ, ಕೇಳಿಕೊಂಡು ಒಳಗೆ ಹೋಗಿ. ವಿದ್ಯುತ್ ಮಗ್ಗದ ತಲೆ ಮೇಲೆ ತೂತು ಹೊಡೆದ ರಟ್ಟಿನ ಪಟ್ಟಿಗಳ ಸರ ಸುತ್ತುತ್ತಿರುತ್ತದೆ. ಯಾವ ಎಳೆ ಏಳಬೇಕು ಅಂತ ಹೇಳುವುದು ಆ ತೂತುಗಳೇ. ನಮ್ಮ ನೇಕಾರರ ಮನೆಗಳಲ್ಲೂ ಇರುವ ಜಕಾರ್ಡ್ ಇದೇ ಅಲ್ವಾ! ಅಲ್ಲಿನ ಹೆಸರುವಾಸಿ ಬಟ್ಟೆಯಲ್ಲಿ ಹೂವಿನ ವಿನ್ಯಾಸ ನೇಯ್ಗೆಯಲ್ಲೇ ಇರುತ್ತದೆ. ಬೆಳಕಿಗೆ ಹಿಡಿದರೆ ಎದ್ದು ಕಾಣುತ್ತದೆ. 1931ರಲ್ಲೇ ಇಲ್ಲಿನ ರೇಷ್ಮೆ ಫ್ರಾನ್ಸಿನ ವಸ್ತುಪ್ರದರ್ಶನಕ್ಕೆ ಹೋಗಿತ್ತು.

ಆದರೆ ರೇಷ್ಮೆಹುಳು ಸಾಕಣೆ ನೋಡುವ ಆಸೆ ಇಟ್ಟುಕೊಳ್ಳಬೇಡಿ. ನೂಲು ವಿಯೆಟ್ನಾಂನ ದಕ್ಷಿಣ ಭಾಗದ ಬಾವ್ ಲಾಕ್‌ನಂಥ ಕಡೆಯಿಂದ ಬರುತ್ತದೆ.

ಕೊಳ್ಳುವಾಗ ಹುಷಾರು. ಅಂಗಡಿಗಳಲ್ಲಿ ಪಾಲಿಯೆಸ್ಟರ್, ಬೆರಕೆ ಬಟ್ಟೆಯೂ ಜಾಸ್ತಿ. ತೀರಾ ಅಗ್ಗವಾಗಿದ್ದರೆ ಅನುಮಾನಪಡಿ. ಅಂಚಿನ ಒಂದೆರಡು ಎಳೆ ಸುಟ್ಟು ತೋರಿಸಿ ಅನ್ನಿ. ಕೂದಲು ಸುಟ್ಟ ವಾಸನೆ ಬಂದು ಬೂದಿ ಪುಡಿಯಾದರೆ ರೇಷ್ಮೆ. ಕರಗಿ ಗಟ್ಟಿ ಉಂಡೆಯಾದರೆ ಪಾಲಿಯೆಸ್ಟರ್. ಚೌಕಾಸಿ ಮಾಡಲು ನಾಚಿಕೆ ಬೇಡ.