ಇಂಗ್ಲೆಂಡಿನಲ್ಲಿ ಮೊದಲ ಮನೆ ಕೊಳ್ಳುತ್ತಿದ್ದೇವೆ: ಮೂವರು ಸಾಲಿಸಿಟರ್‌ಗಳಲ್ಲಿ ಯಾರನ್ನು ಆರಿಸಬೇಕು?

ರೆಡಿಂಗ್‌ನಲ್ಲಿ 4 ಲಕ್ಷ ಪೌಂಡಿನ ಮನೆಯೊಂದಕ್ಕೆ ನಿಮ್ಮ ಆಫರ್ ಒಪ್ಪಿಗೆಯಾಗಿದೆ, ಮೂವರು ಸಾಲಿಸಿಟರ್‌ಗಳ (ಮನೆ ಕೊಳ್ಳುವ ಕಾನೂನು ಕೆಲಸ ಮಾಡಿಕೊಡುವ ವಕೀಲರ) ಕೊಟೇಶನ್ ಕೈಯಲ್ಲಿದೆ, ತಮ್ಮವರನ್ನೇ ಹಿಡಿಯಿರಿ ಎಂದು ಎಸ್ಟೇಟ್ ಏಜೆಂಟ್ ಒತ್ತಾಯಿಸುತ್ತಿದ್ದಾರೆ, ಎಲ್ಲರಿಗಿಂತ ಅಗ್ಗದವರನ್ನು ಒಪ್ಪಿಕೊಂಡರೆ ತೊಂದರೆಯೇ ಎಂದು ಕೇಳಿದ್ದೀರಿ. ಪ್ರಶ್ನೆಯ ಕೊನೆಯಲ್ಲಿ ಇನ್ನೆರಡು ಸಂಗತಿಗಳನ್ನು ಸುಮ್ಮನೆ ಸೇರಿಸಿದ್ದೀರಿ: ಹಣದ ಒಂದು ಭಾಗವನ್ನು ನಿಮ್ಮ ತಂದೆಯವರು ಮೈಸೂರಿನಿಂದ ಕಳುಹಿಸುತ್ತಾರೆ, ಅಲ್ಲಿ ನಿಮ್ಮ ಹೆಸರಿನಲ್ಲಿ ಒಂದು ಫ್ಲಾಟ್ ಇದೆ. ನಿಮ್ಮ ಆಯ್ಕೆ ನಿರ್ಧಾರವಾಗಬೇಕಾದದ್ದು ಈ ಎರಡರ ಮೇಲೆಯೇ. ಮೂವರಿಗೂ ಇವೆರಡನ್ನು ಈಗಲೇ ಬರೆದು ತಿಳಿಸಿ. ಅದನ್ನು ಓದಿ, ಅರ್ಥಮಾಡಿಕೊಂಡು, ನಿಮಗೆ ಮರುಪ್ರಶ್ನೆ ಹಾಕುವವರನ್ನು ಆರಿಸಿಕೊಳ್ಳಿ. ಶುಲ್ಕದಲ್ಲಿರುವ ಇನ್ನೂರು ಮುನ್ನೂರು ಪೌಂಡಿನ ವ್ಯತ್ಯಾಸ ಇದರ ಮುಂದೆ ಲೆಕ್ಕಕ್ಕೆ ಬರುವುದಿಲ್ಲ. ನಾನು ವಕೀಲನಲ್ಲ, ಇಲ್ಲಿ ಮನೆ ಕೊಂಡವನು, ಆಮೇಲೆ ಪರಿಚಯದ ಕನ್ನಡ ಕುಟುಂಬಗಳ ಕಾಗದಪತ್ರಗಳನ್ನು ಅವರೊಂದಿಗೆ ಕೂತು ಓದಿದವನು.

ಮೊದಲು ಫ್ಲಾಟಿನ ವಿಷಯ. ಇಂಗ್ಲೆಂಡಿನ ಸ್ಟ್ಯಾಂಪ್ ಡ್ಯೂಟಿಯಲ್ಲಿ ಮೊದಲ ಬಾರಿ ಮನೆ ಕೊಳ್ಳುವವರಿಗೆ ರಿಯಾಯಿತಿ ಇದೆ. 2025ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ದರದಂತೆ, ಬೆಲೆ 5 ಲಕ್ಷ ಪೌಂಡ್ ಮೀರದಿದ್ದರೆ ಮೊದಲ 3 ಲಕ್ಷಕ್ಕೆ ತೆರಿಗೆಯಿಲ್ಲ, ಅದರ ಮೇಲಿನದಕ್ಕೆ ಶೇಕಡ 5. ಆದ್ದರಿಂದ 4 ಲಕ್ಷದ ಮನೆಗೆ 5,000 ಪೌಂಡ್ ಕಟ್ಟಿದರೆ ಸಾಕು ಎಂದು ನೀವು ಲೆಕ್ಕ ಹಾಕಿರಬಹುದು. ಆದರೆ ಈ ರಿಯಾಯಿತಿ ಸಿಗಬೇಕಾದರೆ ಕೊಳ್ಳುವವರಲ್ಲಿ ಯಾರೊಬ್ಬರೂ ಜಗತ್ತಿನ ಯಾವ ದೇಶದಲ್ಲಿಯೂ, ಹಿಂದೆಂದೂ, ವಾಸದ ಮನೆಯ ಒಡೆಯರಾಗಿರಬಾರದು. ಮೈಸೂರಿನ ಫ್ಲಾಟ್ ಇರುವುದರಿಂದ ಅದು ನಿಮಗೆ ದಕ್ಕುವುದಿಲ್ಲ. ಅಷ್ಟೇ ಅಲ್ಲ, 40,000 ಪೌಂಡ್ ಅಥವಾ ಅದಕ್ಕಿಂತ ಹೆಚ್ಚು ಬೆಲೆಯ ಇನ್ನೊಂದು ಮನೆ ನಿಮ್ಮ ಹೆಸರಿನಲ್ಲಿ ಎಲ್ಲಿಯೇ ಇದ್ದರೂ, 2024ರ ಅಕ್ಟೋಬರ್ 31ರಿಂದ ಇಡೀ ಬೆಲೆಯ ಮೇಲೆ ಶೇಕಡ 5ರ ಹೆಚ್ಚುವರಿ ತೆರಿಗೆ ಬೀಳುತ್ತದೆ. ಆಗ ನೀವು ಕಟ್ಟಬೇಕಾದದ್ದು ಸಾಮಾನ್ಯ ದರದ 10,000, ಅದರ ಮೇಲೆ ಈ ಹೆಚ್ಚುವರಿ 20,000, ಒಟ್ಟು 30,000 ಪೌಂಡ್. ಮದುವೆಯಾಗಿ ಒಟ್ಟಿಗೆ ವಾಸಿಸುವವರು ಈ ಹೆಚ್ಚುವರಿ ತೆರಿಗೆಯ ಮಟ್ಟಿಗೆ ಒಂದೇ ಎಂದು ಪರಿಗಣಿಸಲ್ಪಡುವುದರಿಂದ, ಮನೆಯನ್ನು ನಿಮ್ಮ ಸಂಗಾತಿಯ ಹೆಸರಿನಲ್ಲಿ ಮಾತ್ರ ಕೊಂಡರೂ ತಪ್ಪಿಸಿಕೊಳ್ಳಲಾಗುವುದಿಲ್ಲ.

ಹಾಗಾದರೆ ಫ್ಲಾಟನ್ನು ಮೊದಲೇ ತಂದೆಯವರ ಹೆಸರಿಗೆ ಬರೆದುಕೊಟ್ಟರೆ ಹೇಗೆ ಎಂದು ಬಹಳ ಮಂದಿ ಕೇಳುತ್ತಾರೆ. ಇಲ್ಲಿನ ಮನೆ ಕೈಸೇರುವ ಮುನ್ನವೇ ಅದು ನಿಜವಾಗಿ ನೋಂದಣಿಯಾಗಿ ಕೈಬಿಟ್ಟಿದ್ದರೆ ಹೆಚ್ಚುವರಿ ತೆರಿಗೆ ತಪ್ಪಬಹುದು. ಆದರೆ ಮೊದಲ ಮನೆಯ ರಿಯಾಯಿತಿ ಮರಳಿ ಬರುವುದಿಲ್ಲ, ಏಕೆಂದರೆ ನೀವು ಒಮ್ಮೆ ಒಡೆಯರಾಗಿದ್ದಿರಿ. ಸಾಮಾನ್ಯ ದರದಲ್ಲಿ 10,000 ಪೌಂಡ್ ಕಟ್ಟಬೇಕಾಗುತ್ತದೆ. ಫ್ಲಾಟು ಇತ್ತೀಚಿನವರೆಗೆ ನೀವು ವಾಸವಿದ್ದ ಮನೆಯಾಗಿದ್ದರೆ, ಅದನ್ನು ಯಾವಾಗ ಮಾರುತ್ತೀರಿ ಎಂಬುದರ ಮೇಲೆ ಕಟ್ಟಿದ ಹೆಚ್ಚುವರಿ ತೆರಿಗೆ ವಾಪಸ್ಸು ಕೇಳುವ ದಾರಿಯೂ ಇರಬಹುದು. ಒಂದೇ ಮನೆಗೆ 5,000, 10,000, 30,000 ಎಂದು ಮೂರು ಮೊತ್ತಗಳು ಬರುವ ಪ್ರಸಂಗದಲ್ಲಿ, ಅದನ್ನು ಬಿಡಿಸಿ ಹೇಳಬಲ್ಲವರೇ ನಿಮಗೆ ಬೇಕಾದವರು. ಕೆಲವು ಸಂಸ್ಥೆಗಳು ತಮ್ಮ ಷರತ್ತುಗಳಲ್ಲೇ ತೆರಿಗೆಯ ಸಲಹೆ ಕೊಡುವುದಿಲ್ಲವೆಂದು ಬರೆದುಕೊಂಡಿರುತ್ತವೆ. ಅದು ತಪ್ಪಲ್ಲ, ಆದರೆ ಮೊದಲೇ ತಿಳಿದಿರಬೇಕು, ಏಕೆಂದರೆ ಮನೆ ಕೈಸೇರಿದ 14 ದಿನಗಳೊಳಗೆ ಸಲ್ಲಿಸಬೇಕಾದ ತೆರಿಗೆ ವಿವರವನ್ನು ಸಾಲಿಸಿಟರ್ ತುಂಬಿ ಕಳುಹಿಸಿದರೂ ಅದರಲ್ಲಿರುವುದಕ್ಕೆ ಹೊಣೆ ನೀವೇ. ಊರಿನ ಪಿತ್ರಾರ್ಜಿತ ಮನೆಯಲ್ಲಿ ಪಾಲಿರುವವರೂ ಇದನ್ನು ಓದುತ್ತಿದ್ದರೆ, ವಿಭಾಗಪತ್ರ ಆಗಿರಲಿ ಆಗದಿರಲಿ, ಆ ಸಂಗತಿಯನ್ನು ಮುಚ್ಚಿಡದೆ ತಿಳಿಸಿ ಲಿಖಿತ ಅಭಿಪ್ರಾಯ ಪಡೆಯಬೇಕೆಂದು ಕೇಳಿಕೊಳ್ಳುತ್ತೇನೆ.

ಎರಡನೆಯದು ತಂದೆಯವರ ಹಣ. ಅಕ್ರಮ ಹಣದ ವರ್ಗಾವಣೆಯನ್ನು ತಡೆಯುವ ಬ್ರಿಟನ್ನಿನ 2017ರ ನಿಯಮಗಳ ಪ್ರಕಾರ, ಹಣ ಎಲ್ಲಿಂದ ಬಂತು ಎಂಬುದನ್ನು ಸಾಲಿಸಿಟರ್ ಪರಿಶೀಲಿಸಲೇಬೇಕು. ಬ್ಯಾಂಕ್ ಖಾತೆಯಿಂದ ಬಂದಿತೆಂದರೆ ಸಾಲದು, ಆ ಖಾತೆಗೆ ಹೇಗೆ ಬಂತೆಂಬುದನ್ನೂ ಕೇಳುತ್ತಾರೆ. ನಮ್ಮ ಪರಿಚಯದ ಮಲೆನಾಡಿನ ಕುಟುಂಬವೊಂದರಲ್ಲಿ ತಂದೆಯ ಉಳಿತಾಯವೆಲ್ಲ ಅಡಿಕೆ ತೋಟದ್ದು. ಕೃಷಿ ಆದಾಯಕ್ಕೆ ಭಾರತದಲ್ಲಿ ಆದಾಯ ತೆರಿಗೆ ಇಲ್ಲದ ಕಾರಣ ಅವರು ರಿಟರ್ನ್ ಸಲ್ಲಿಸಿದವರೇ ಅಲ್ಲ. ಇಲ್ಲಿನ ಮೊದಲ ಸಾಲಿಸಿಟರ್ ಕಚೇರಿ ರಿಟರ್ನ್ ಬೇಕೇ ಬೇಕು ಎಂದು ಒಂದೇ ವಾಕ್ಯದ ಇಮೇಲನ್ನು ಮತ್ತೆ ಮತ್ತೆ ಕಳುಹಿಸುತ್ತಿತ್ತು. ಕೊನೆಗೆ ಅವರು ಬೇರೆಯವರ ಬಳಿ ಹೋದರು. ಆ ಸಾಲಿಸಿಟರ್ ಫೋನಿನಲ್ಲಿ ಅರ್ಧ ಗಂಟೆ ಕೂತು, ತೋಟ ಯಾರ ಹೆಸರಿನಲ್ಲಿದೆ, ಅಡಿಕೆಯನ್ನು ಯಾರಿಗೆ ಮಾರುತ್ತಾರೆ, ಹಣ ನಗದಾಗಿ ಬರುತ್ತದೆಯೇ ಬ್ಯಾಂಕಿಗೆ ಬರುತ್ತದೆಯೇ ಎಂದೆಲ್ಲ ಕೇಳಿ, ಪಹಣಿ, ಸಹಕಾರ ಸಂಘದ ಮಾರಾಟದ ಬಿಲ್ಲುಗಳು ಮತ್ತು ಪಾಸ್‌ಬುಕ್ಕಿನ ಪುಟಗಳನ್ನು ದೃಢೀಕೃತ ಇಂಗ್ಲಿಷ್ ಅನುವಾದದೊಂದಿಗೆ ತರಿಸಿಕೊಂಡು ಒಪ್ಪಿಕೊಂಡರು. ಮನೆಯನ್ನು ಉಳಿಸಿದ್ದು ಆ ಅರ್ಧ ಗಂಟೆ. ನಿಮ್ಮ ತಂದೆಯವರ ಹಣ ಸೈಟು ಮಾರಿದ್ದಾದರೆ ಕ್ರಯಪತ್ರ, ನಿವೃತ್ತಿಯದ್ದಾದರೆ ಅದರ ಆದೇಶ, ಠೇವಣಿಯಾದರೆ ಅದರ ರಸೀದಿ ಸಿದ್ಧವಿರಲಿ. ಈ ಹಣ ಸಾಲವಲ್ಲ, ಉಡುಗೊರೆ, ಮನೆಯಲ್ಲಿ ತಮಗೆ ಹಕ್ಕಿಲ್ಲ ಎಂಬ ಪತ್ರಕ್ಕೂ ಅವರು ಸಹಿ ಹಾಕಬೇಕಾಗುತ್ತದೆ. ಭಾರತದ ನಿವಾಸಿಯೊಬ್ಬರು ರಿಸರ್ವ್ ಬ್ಯಾಂಕಿನ ಉದಾರೀಕೃತ ಹಣ ರವಾನೆ ಯೋಜನೆಯಡಿ ಒಂದು ಹಣಕಾಸು ವರ್ಷದಲ್ಲಿ 2.5 ಲಕ್ಷ ಡಾಲರ್‌ವರೆಗೆ ಹೊರದೇಶಕ್ಕೆ ಕಳುಹಿಸಬಹುದು, ಹಾಗಾಗಿ ಮಿತಿಯ ತೊಂದರೆ ಬಹುಶಃ ಬಾರದು. ತೊಂದರೆ ಬರುವುದು ಕಾಗದ ತಡವಾದಾಗ.

ಸಾಲಿಸಿಟರ್ ಆಯ್ಕೆಗೆ ಇಷ್ಟು ತಲೆಕೆಡಿಸಿಕೊಳ್ಳಬೇಕೇ ಎಂದು ನಿಮಗೆ ಅನ್ನಿಸಬಹುದು. ಕರ್ನಾಟಕದಲ್ಲಿ ವಕೀಲರು ಮೂಲ ಪತ್ರಗಳನ್ನೂ ಋಣಭಾರ ಪತ್ರವನ್ನೂ ನೋಡಿ ಅಭಿಪ್ರಾಯ ಕೊಡುತ್ತಾರೆ, ಕ್ರಯಪತ್ರ ಸಿದ್ಧಮಾಡುತ್ತಾರೆ; ಹಣ ನೇರವಾಗಿ ಮಾರುವವರಿಗೆ ಹೋಗುತ್ತದೆ, ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಎರಡೂ ಕಡೆಯವರು ಎದುರೆದುರು ನಿಂತು ಸಹಿ ಮಾಡುತ್ತಾರೆ. ಇಲ್ಲಿ ನೀವು ಯಾವ ನೋಂದಣಿ ಕಚೇರಿಗೂ ಹೋಗುವುದಿಲ್ಲ. ನಿಮ್ಮ ಉಳಿತಾಯ, ತಂದೆಯವರ ಹಣ, ಬ್ಯಾಂಕಿನ ಸಾಲ ಎಲ್ಲವೂ ಸಾಲಿಸಿಟರ್ ಅವರ ಗ್ರಾಹಕ ಖಾತೆಗೆ, ಅಂದರೆ ಗ್ರಾಹಕರ ಹಣವನ್ನಷ್ಟೇ ಇಡುವ ಬ್ಯಾಂಕ್ ಖಾತೆಗೆ, ಬಂದು ಅಲ್ಲಿಂದ ಮಾರುವವರ ಸಾಲಿಸಿಟರ್‌ಗೆ ಹೋಗುತ್ತದೆ. ಆಸ್ತಿಯ ಒಡೆತನವನ್ನು ದಾಖಲಿಸುವ ಸರ್ಕಾರಿ ಸಂಸ್ಥೆಯಾದ ಲ್ಯಾಂಡ್ ರಿಜಿಸ್ಟ್ರಿಯಲ್ಲಿ ನಿಮ್ಮ ಹೆಸರು ಸೇರಿಸುವವರೂ ಅವರೇ. ಆದ್ದರಿಂದ ಆ ವ್ಯಕ್ತಿ ಸಾಲಿಸಿಟರ್‌ಗಳನ್ನು ನಿಯಂತ್ರಿಸುವ ಸಾಲಿಸಿಟರ್ಸ್ ರೆಗ್ಯುಲೇಷನ್ ಅಥಾರಿಟಿಯ ಪಟ್ಟಿಯಲ್ಲಿ ಇದ್ದಾರೆಯೇ, ಲೈಸೆನ್ಸ್ಡ್ ಕನ್ವೇಯನ್ಸರ್ (ಆಸ್ತಿ ವರ್ಗಾವಣೆಯ ಕೆಲಸಕ್ಕೆಂದೇ ಪರವಾನಗಿ ಪಡೆದವರು) ಆಗಿದ್ದರೆ ಅವರ ಕೌನ್ಸಿಲ್‌ನ ಪಟ್ಟಿಯಲ್ಲಿ ಇದ್ದಾರೆಯೇ ಎಂದು ಅವರ ಜಾಲತಾಣಗಳಲ್ಲಿ ಹುಡುಕಿ ನೋಡಿ. ಮನೆ ಕೊಳ್ಳುವ ಕೆಲಸಕ್ಕೆ ಇಬ್ಬರೂ ಆಗಬಹುದು. ಸಾಲಿಸಿಟರ್‌ಗಳ ಸಂಘವಾದ ಲಾ ಸೊಸೈಟಿಯು ಆಸ್ತಿ ವರ್ಗಾವಣೆ ಕೆಲಸದ ಗುಣಮಟ್ಟಕ್ಕೆ ಕೊಡುವ ಕನ್ವೇಯನ್ಸಿಂಗ್ ಕ್ವಾಲಿಟಿ ಸ್ಕೀಮ್‌ನ ಮಾನ್ಯತೆ ಇದ್ದರೆ ಒಳ್ಳೆಯದು, ಆದರೆ ಅದು ಸಂಸ್ಥೆಗೆ ಸಿಕ್ಕ ಮಾನ್ಯತೆ. ನಿಮ್ಮ ಫೈಲ್ ಓದುವವರು ಯಾರೆಂಬುದನ್ನು ಅದು ಹೇಳುವುದಿಲ್ಲ.

ನಾನು ಬಹಳ ಮಹತ್ವ ಕೊಡುವುದು ಅದಕ್ಕೆ. ಕೊಟೇಶನ್ ಕೊಟ್ಟವರಿಗೆ ಫೋನ್ ಮಾಡಿ, ನನ್ನ ಫೈಲ್ ಯಾರ ಬಳಿ ಇರುತ್ತದೆ, ಅವರೊಡನೆ ಈಗ ಮಾತನಾಡಬಹುದೇ, ಅವರು ರಜೆಯಲ್ಲಿದ್ದರೆ ಯಾರು ನೋಡಿಕೊಳ್ಳುತ್ತಾರೆ ಎಂದು ಕೇಳಿ. ತೀರಾ ಅಗ್ಗದ ದರ ಕೊಡುವ ಕೆಲವು ಕಡೆ ಒಬ್ಬರ ಮೇಲೆ ವಿಪರೀತ ಫೈಲ್‌ಗಳಿರುತ್ತವೆ, ಫೋನ್ ಎತ್ತುವವರಿಗೂ ಫೈಲ್‌ಗೂ ಸಂಬಂಧವೇ ಇರುವುದಿಲ್ಲ. ನನ್ನ ಸಾಲಿಸಿಟರ್ ಲ್ಯಾಂಡ್ ರಿಜಿಸ್ಟ್ರಿಯ ನಕ್ಷೆಯನ್ನು ಕಳುಹಿಸಿ, ಇದರಲ್ಲಿರುವ ಕೆಂಪು ಗೆರೆಯನ್ನು ಹಿಡಿದುಕೊಂಡು ಮನೆಯ ಸುತ್ತ ನಡೆದು ನೋಡಿ, ನಾನು ಆ ಜಾಗವನ್ನು ಕಣ್ಣಾರೆ ನೋಡುವುದಿಲ್ಲ ಎಂದಿದ್ದರು. ಹೋಗಿ ನೋಡಿದರೆ, ಜಾಹೀರಾತಿನಲ್ಲಿ ಕಾಣಿಸಿದ್ದ ಹಿತ್ತಲಿನಾಚೆಯ ಗ್ಯಾರೇಜು ಗೆರೆಯ ಹೊರಗಿತ್ತು. ಅದಕ್ಕೆ ಬೇರೆಯದೇ ನೋಂದಣಿ ಸಂಖ್ಯೆ ಇತ್ತು, ಒಪ್ಪಂದದ ಕರಡಿನಲ್ಲಿ ಆ ಸಂಖ್ಯೆ ಇರಲಿಲ್ಲ. ಸಹಿಗೆ ಮೊದಲೇ ಗೊತ್ತಾದ್ದರಿಂದ ಒಂದು ಸಾಲು ಸೇರಿಸಿದರೆ ಸರಿಹೋಯಿತು. ನಕ್ಷೆ ಎಲ್ಲರಿಗೂ ಬರುತ್ತದೆ. ಅದನ್ನು ಹೇಗೆ ನೋಡಬೇಕೆಂದು ಹೇಳಿಕೊಡುವವರು ಕಡಿಮೆ. ಇನ್ನು ರೆಡಿಂಗ್ ಥೇಮ್ಸ್ ಮತ್ತು ಕೆನೆಟ್ ನದಿಗಳ ದಡದ ಊರು, ಅದರ ಕೆಲವು ಬಡಾವಣೆಗಳ ಕೆಳಗೆ ಹಳೆಯ ಚಾಕ್ (ಮೆದು ಸುಣ್ಣಕಲ್ಲು) ಗಣಿಗಳೂ ಇವೆ. ಪ್ರವಾಹ ಮತ್ತು ನೆಲದ ವರದಿಗಳನ್ನು ತರಿಸುವುದಷ್ಟೇ ಅಲ್ಲ, ಅವುಗಳಲ್ಲಿರುವುದನ್ನು ನಿಮ್ಮ ಮನೆಗೆ ಅನ್ವಯಿಸಿ ವಿವರಿಸುತ್ತೀರಾ ಎಂದು ಕೇಳಿ. ಕಟ್ಟಡದ ಸ್ಥಿತಿಯನ್ನು ಸಾಲಿಸಿಟರ್ ನೋಡುವುದಿಲ್ಲ, ಅದಕ್ಕೆ ಸರ್ವೇಯರ್ ಬೇರೆ ಬೇಕು.

ಏಜೆಂಟ್ ಒತ್ತಾಯಕ್ಕೆ ನೀವು ಮಣಿಯಬೇಕಾಗಿಲ್ಲ. ತಮ್ಮ ಸಾಲಿಸಿಟರನ್ನೇ ಬಳಸಬೇಕೆಂದು ಷರತ್ತು ಹಾಕುವ ಹಕ್ಕು ಅವರಿಗಿಲ್ಲ. ಆ ಶಿಫಾರಸಿಗೆ ಅವರಿಗೆ ಹಣ ಬರುತ್ತಿದ್ದರೆ ಅದನ್ನು ನಿಮಗೆ ತಿಳಿಸಬೇಕು. ಎಷ್ಟು ಎಂದು ನೇರವಾಗಿ ಕೇಳಿ. ಶಿಫಾರಸಾದವರೆಲ್ಲ ಕೆಟ್ಟವರೆಂದು ನಾನು ಹೇಳುತ್ತಿಲ್ಲ, ಮೇಲಿನ ಪ್ರಶ್ನೆಗಳಿಗೆ ಅವರು ಚೆನ್ನಾಗಿ ಉತ್ತರಿಸಿದರೆ ಅವರೇ ಆಗಬಹುದು. ಆದರೆ ಮಾರುವವರಿಂದ ಕಮಿಷನ್ ಪಡೆಯುವ ಏಜೆಂಟ್‌ನಿಂದಲೇ ನಿಮ್ಮ ಸಾಲಿಸಿಟರ್‌ಗೆ ಗಿರಾಕಿಗಳು ಬರುತ್ತಿರುವಾಗ, ಈ ಮನೆ ಬೇಡ ಎಂದು ನಿಮಗೆ ಹೇಳುವುದು ಅವರಿಗೆ ಸುಲಭವಲ್ಲ. ಸಾಲ ಕೊಡುವ ಬ್ಯಾಂಕಿನ ಪ್ಯಾನೆಲ್‌ನಲ್ಲಿ, ಅಂದರೆ ಬ್ಯಾಂಕು ಒಪ್ಪಿಕೊಂಡ ಸಾಲಿಸಿಟರ್‌ಗಳ ಪಟ್ಟಿಯಲ್ಲಿ, ಅವರಿದ್ದಾರೆಯೇ ಎಂಬುದನ್ನು ಮಾತ್ರ ಮರೆಯದೆ ಖಚಿತಪಡಿಸಿಕೊಳ್ಳಿ. ಇಲ್ಲದಿದ್ದರೆ ಬ್ಯಾಂಕಿನ ಪರವಾಗಿ ಇನ್ನೊಬ್ಬರು ಬೇಕಾಗುತ್ತಾರೆ, ಅವರ ಖರ್ಚೂ ನಿಮ್ಮದೇ.

ಶುಲ್ಕದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. 2018ರ ಡಿಸೆಂಬರ್‌ನಿಂದ ಸಾಲಿಸಿಟರ್ ಸಂಸ್ಥೆಗಳು ಮನೆ ವ್ಯವಹಾರದ ದರಗಳನ್ನು ತಮ್ಮ ಜಾಲತಾಣದಲ್ಲಿ ಪ್ರಕಟಿಸಬೇಕೆಂಬ ನಿಯಮವಿದೆ. ಮೂರು ಕೊಟೇಶನ್‌ಗಳನ್ನೂ ಶೇಕಡ 20ರ ವ್ಯಾಟ್, ವರದಿಗಳ ಖರ್ಚು, ಲ್ಯಾಂಡ್ ರಿಜಿಸ್ಟ್ರಿ ಶುಲ್ಕ ಎಲ್ಲವನ್ನೂ ಸೇರಿಸಿ ಹೋಲಿಸಿ. ಉಡುಗೊರೆ ಹಣದ ಪರಿಶೀಲನೆಗೆ, ಹೊರದೇಶದ ಕಾಗದಗಳಿಗೆ, ಬ್ಯಾಂಕ್ ಸಾಲದ ಕೆಲಸಕ್ಕೆ ಬೇರೆ ಬೇರೆ ಶುಲ್ಕ ಹಾಕುತ್ತೀರಾ ಎಂದು ಕೇಳಿದಾಗ ಅಗ್ಗದ್ದು ಅಗ್ಗವಾಗಿ ಉಳಿಯುವುದು ಅಪರೂಪ. ವ್ಯವಹಾರ ಮುರಿದರೆ ಶುಲ್ಕವಿಲ್ಲ ಎಂಬ ಭರವಸೆ ಅವರ ಕೂಲಿಗೆ ಮಾತ್ರ ಅನ್ವಯಿಸುತ್ತದೆ, ವರದಿಗಳಿಗೆ ಖರ್ಚಾದದ್ದು ವಾಪಸ್ಸು ಬರುವುದಿಲ್ಲ. ಇಂಗ್ಲೆಂಡಿನಲ್ಲಿ ಎರಡೂ ಕಡೆಯವರು ಸಹಿ ಮಾಡಿದ ಒಪ್ಪಂದಗಳ ವಿನಿಮಯ ಆಗುವವರೆಗೆ ಯಾರು ಬೇಕಾದರೂ ಹಿಂದೆ ಸರಿಯಬಹುದಾದ್ದರಿಂದ ಇದು ಬರೀ ಮಾತಿನ ಅಪಾಯವಲ್ಲ. ನೀವು ಕೊಳ್ಳುತ್ತಿರುವುದು ಮನೆಯ ಬದಲು ಲೀಸ್‌ಹೋಲ್ಡ್ (ದೀರ್ಘಾವಧಿ ಗುತ್ತಿಗೆಯ) ಫ್ಲಾಟ್ ಆಗಿದ್ದರೆ, ಅಂಥ ಕೆಲಸವನ್ನೇ ಹೆಚ್ಚಾಗಿ ಮಾಡುವವರನ್ನು ಹುಡುಕಬೇಕಿತ್ತು. ಎತ್ತರದ ಕಟ್ಟಡಗಳಿಗೆ 2022ರ ಬಿಲ್ಡಿಂಗ್ ಸೇಫ್ಟಿ ಕಾಯ್ದೆಯ ಕಾಗದಗಳು ಬೇಕಾಗುವುದರಿಂದ ಕೆಲವು ಸಂಸ್ಥೆಗಳು ಆ ಕೆಲಸವನ್ನು ಒಪ್ಪಿಕೊಳ್ಳುವುದೇ ಇಲ್ಲ.

ಒಬ್ಬರನ್ನು ಗೊತ್ತುಮಾಡಿದ ಮೇಲೆ, ಅವರ ಗ್ರಾಹಕ ಖಾತೆಯ ಸಂಖ್ಯೆಯನ್ನು ಆರಂಭದಲ್ಲಿಯೇ ಕಾಗದದಲ್ಲಿ ಪಡೆದುಕೊಂಡು, ಅವರ ಕಚೇರಿಯ ಸಂಖ್ಯೆಗೆ ನೀವೇ ಫೋನ್ ಮಾಡಿ ಓದಿಸಿ ಖಚಿತಪಡಿಸಿಕೊಳ್ಳಿ. ಇಮೇಲ್ ಕದ್ದು ಓದುವ ವಂಚಕರು ಹಣ ಕಳುಹಿಸುವ ದಿನವೇ ನಮ್ಮ ಖಾತೆ ಬದಲಾಗಿದೆ ಎಂದು ಸಾಲಿಸಿಟರ್ ಹೆಸರಿನಲ್ಲಿ ಬರೆಯುತ್ತಾರೆ. ತಂದೆಯವರಿಗೂ ಇದನ್ನು ಸ್ಪಷ್ಟವಾಗಿ ಹೇಳಿಡಿ: ಹಣವನ್ನು ಮೊದಲು ನಿಮ್ಮ ಖಾತೆಗೇ ಕಳುಹಿಸಬೇಕೇ, ನೇರವಾಗಿ ಸಾಲಿಸಿಟರ್‌ಗೆ ಕಳುಹಿಸಬೇಕೇ ಎಂಬುದನ್ನು ಸಾಲಿಸಿಟರ್ ಲಿಖಿತವಾಗಿ ತಿಳಿಸಿದ ಮೇಲೆಯೇ ಅವರು ಮೈಸೂರಿನ ಬ್ಯಾಂಕಿಗೆ ಹೋಗಲಿ.