ಪ್ರಿಫಿಕ್ಸ್ ನೋಡ್ಕೊಂಡು ಗೊತ್ತಿಲ್ಲದ ಪದದ ಅರ್ಥ ಹಿಡಿಯೋದು ನಿಜವಾಗ್ಲೂ ಆಗುತ್ತಾ?

ನೀವು ಕೇಳಿರೋದು ನಾನು ಅರ್ಥ ಮಾಡ್ಕೊಂಡಿರೋ ಹಾಗೆ ಇಷ್ಟು: ಮಂಡ್ಯದಲ್ಲಿ ಕನ್ನಡ ಮೀಡಿಯಂ ಓದಿ ಈಗ ನರ್ಸಿಂಗ್ ಸೇರಿದೀರಿ, ಬುಕ್ಕಲ್ಲಿ ಸಾಲಿಗೊಂದು ಗೊತ್ತಿಲ್ಲದ ಪದ, ಸೀನಿಯರ್ಸು ಪ್ರಿಫಿಕ್ಸ್ (ಪದದ ಶುರುವಲ್ಲಿ ಸೇರೋ ತುಂಡು, ನಮ್ಮ ಉಪಸರ್ಗದ ತರ) ಕಲಿತ್ರೆ ಆಯ್ತು ಅಂತಾರೆ, ಆದ್ರೆ ಕನ್ನಡದ 'ಅನುಪಸ್ಥಿತಿ'ನೇ ಅನು ಅಂತ ಒಡೆದು ಏನೇನೋ ಅರ್ಥ ಬಂತು, ಇನ್ನು ಇಂಗ್ಲಿಷ್ ಪದ ಹೇಗೆ ಒಡೀಲಿ ಅಂತ. ಕೊನೇಲಿ ಪೇಪರಲ್ಲಿ ಓದಿದ 'ದುರ್ಭಿಕ್ಷ'ದ ಬಗ್ಗೆನೂ ಕೇಳಿದೀರಿ, ಅದಕ್ಕೆ ಆಮೇಲೆ ಬರ್ತೀನಿ.

ಆಗುತ್ತೆ ಕಣ್ರೀ. ನಾನೂ ಮಳವಳ್ಳಿ ಕಡೆ ಹಳ್ಳಿಯೋಳು, ಹತ್ತನೇ ಕ್ಲಾಸ್ ತನಕ ಕನ್ನಡ ಮೀಡಿಯಂ, ಈಗ ಮೈಸೂರಲ್ಲಿ ಲ್ಯಾಬ್ ಟೆಕ್ನಿಷಿಯನ್. ಕೆಲಸಕ್ಕೆ ಸೇರಿದ ಹೊಸದ್ರಲ್ಲಿ ಒಬ್ರು ಅಜ್ಜಿಗೆ ಶುಗರ್ 52 ಬಂದಿತ್ತು, ನಾನು ರಿಜಿಸ್ಟರಲ್ಲಿ ಪಕ್ಕದಲ್ಲಿ ಹೈಪರ್ ಅಂತ ಬರೆದ್ಬಿಟ್ಟೆ. 70ಕ್ಕಿಂತ ಕೆಳಗೆ ಹೋದ್ರೆ ಹೈಪೋ, ಅಂದ್ರೆ ಆ ಅಜ್ಜಿಗೆ ತಕ್ಷಣ ಸಕ್ಕರೆ ಕೊಡಬೇಕಾದ ಸ್ಥಿತಿ, ನಾನು ಬರೆದಿದ್ದು ಅದಕ್ಕೆ ಪೂರ್ತಿ ಉಲ್ಟಾ. ರಿಪೋರ್ಟ್ ಆಚೆ ಹೋಗೋಕೆ ಮುಂಚೆ ನಮ್ಮ ಸೀನಿಯರ್ ಅಕ್ಕ ನೋಡಿದ್ರು, ತಿದ್ದಿ ಡಾಕ್ಟರಿಗೆ ಫೋನ್ ಮಾಡಿದ್ರು. ಅವತ್ತು ರಾತ್ರಿ ನಂಗೆ ನಿದ್ದೆ ಬರಲಿಲ್ಲ. ಮಾರನೇ ದಿನ ಅಕ್ಕ ಬೈಯ್ಲಿಲ್ಲ, ಕೂರಿಸ್ಕೊಂಡು ಒಂದು ಮಾತು ಹೇಳಿದ್ರು, ಅದನ್ನೇ ನಿಮಗೂ ಹೇಳ್ತೀನಿ.

ಹೈಪೋ ಅನ್ನೋದು ಗ್ರೀಕ್, ನಮ್ಮ 'ಉಪ' ಸಂಸ್ಕೃತ, ಎರಡೂ ಒಂದೇ ಹಳೇ ಮೂಲದಿಂದ ಬಂದಿರೋ ಅಕ್ಕತಂಗೀರು. ಹಾಗೇ ಹೈಪರ್‌ಗೆ ಜೋಡಿ 'ಉಪರಿ', ಅಂದ್ರೆ ಮೇಲೆ. ಉಪ್ಪರಿಗೆ ಮನೆ ಅಂತೀವಲ್ಲ, ಆ ಉಪ್ಪರಿಗೆ ನೆನಪಿಟ್ಕೊಳ್ಳಿ, ಹೈಪರ್ ಯಾವತ್ತೂ ಮೇಲೇನೇ. ಉಪನದಿ, ಉಪನಿರ್ದೇಶಕರು ಅನ್ನೋವಾಗ ದೊಡ್ಡದಕ್ಕಿಂತ ಒಂದು ಮೆಟ್ಟಿಲು ಕೆಳಗೆ ಅಂತ ತಾನೆ, ಹೈಪೋನೂ ಕೆಳಗೆ. ಹೈಪೋಥೈರಾಯ್ಡ್ ಅಂದ್ರೆ ಥೈರಾಯ್ಡ್ ಕಮ್ಮಿ ಕೆಲಸ ಮಾಡ್ತಿದೆ. ಹೈಪೋಡರ್ಮಿಕ್ ಸೂಜಿ ಅಂದ್ರೆ ಮಾತ್ರ 'ಕಮ್ಮಿ' ಅಲ್ಲ, ಚರ್ಮದ ಕೆಳಗೆ ಹೋಗೋ ಸೂಜಿ, ಇಲ್ಲಿ ಕೆಳಗೆ ಅನ್ನೋದು ಜಾಗ. ಆಮೇಲೆ ನಾನು ಒಂದ್ಸಲಾನೂ ಹೈಪೋ ಹೈಪರ್ ಅದಲು ಬದಲು ಮಾಡಿಲ್ಲ.

ಈ ತರ ಜೋಡಿಗಳು ಇನ್ನೂ ಇದಾವೆ, ನಮಗೆ ಯಾರೂ ಸ್ಕೂಲಲ್ಲಿ ಹೇಳಲೇ ಇಲ್ಲ ಅನ್ನೋದೇ ನಂಗೆ ಬೇಜಾರು. ಡಿಸ್ಪ್ನಿಯಾ ಅಂತ ಬರುತ್ತೆ ನೋಡಿ, ಉಸಿರಾಟಕ್ಕೆ ಕಷ್ಟ ಆಗೋದು, ಅದರ ಮೊದಲ 'ಡಿಸ್' ನಮ್ಮ ದುಸ್, ದುರ್ ಇದೆಯಲ್ಲ (ದುಸ್ಸಾಹಸ, ದುರ್ಗಮ), ಅದರ ಜೊತೆದು. ದುರ್ಗ ಅಂದ್ರೂ ಅದೇ, ಹೋಗೋಕೆ ಕಷ್ಟವಾದ ಜಾಗ, ಚಿತ್ರದುರ್ಗದ ಬೆಟ್ಟ ಹತ್ತಿದೋರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಪೆರಿಕಾರ್ಡಿಯಂ ಅಂದ್ರೆ ಹೃದಯದ ಸುತ್ತ ಇರೋ ಪೊರೆ, ಆ 'ಪೆರಿ' ನಮ್ಮ 'ಪರಿ', ಪರಿಧಿ ಪರಿಸರದ ಪರಿ. ಟ್ಯಾಕಿ ಅಂದ್ರೆ ವೇಗ, ಬ್ರ್ಯಾಡಿ ಅಂದ್ರೆ ನಿಧಾನ, ಇದಕ್ಕೆ ಸುಲಭದ ಜೋಡಿ ನಂಗೆ ಸಿಕ್ಕಿಲ್ಲ, ಬಾಯಿಪಾಠ ಮಾಡಿ.

ಈಗ ನಿಮ್ಮ ಅನುಪಸ್ಥಿತಿ. ನೀವು ಪ್ರಿಫಿಕ್ಸ್ ನಂಬಿದ್ದು ತಪ್ಪಲ್ಲ, ಕತ್ತರಿಸಿದ ಜಾಗ ತಪ್ಪು. ಅದು ಅನು + ಪಸ್ಥಿತಿ ಅಲ್ಲ, ಪಸ್ಥಿತಿ ಅಂತ ಪದಾನೇ ಇಲ್ವಲ್ಲ. ಅನ್ + ಉಪಸ್ಥಿತಿ. ಇಲ್ಲ ಅನ್ನೋ 'ಅ' ವ್ಯಂಜನದ ಮುಂದೆ ಅ ಆಗೇ ಇರುತ್ತೆ, ಅಶಾಂತಿ ಅಂತ, ಸ್ವರದ ಮುಂದೆ ಅನ್ ಆಗುತ್ತೆ, ಅನಾರೋಗ್ಯ, ಅನುಚಿತ, ಅನುಪಮ ಇವೆಲ್ಲ ಹಾಗೇ. ಅನುಚರ, ಅನುಕರಣೆ ಮಾತ್ರ ನಿಜವಾದ ಅನು, ಹಿಂದೆ ಹೋಗೋದು. ಅದಕ್ಕೇ ಒಡೆದ ಮೇಲೆ ಉಳಿದ ತುಂಡು ಒಂದು ಪದ ಹೌದಾ ಅಂತ ಮೊದಲು ನೋಡಿ, ಅಲ್ಲ ಅಂದ್ರೆ ಒಂದಕ್ಷರ ಆಚೆ ಈಚೆ ಸರಿದು ಒಡೀರಿ. ಇನ್ನೊಂದು ನೋಡಿ, ಗ್ರೀಕಲ್ಲೂ ಸೇಮ್ ಇದೇ ನಿಯಮ! ಅಸೆಪ್ಟಿಕ್‌ನಲ್ಲಿ ಅ (ಸೋಂಕು ಇಲ್ಲದ್ದು), ಅನ್ಯೂರಿಯಾದಲ್ಲಿ ಅನ್ (ಮೂತ್ರ ಬರದೇ ಇರೋದು). ಅನೀಮಿಯಾನೂ ಅದೇ ಅನ್, ರಕ್ತ ಇಲ್ಲ ಅಂತ, ನಿಜದಲ್ಲಿ ಕಮ್ಮಿ ಅಂತ ಅರ್ಥ. ಅಂದ್ರೆ ಅನುಪಸ್ಥಿತಿ ಬಿಡಿಸೋಕೆ ಬಂದೋರಿಗೆ ಅನೀಮಿಯಾ ಅರ್ಧ ಬಂದ ಹಾಗೆ.

ಮೋಸ ಹೋಗೋ ಜಾಗಾನೂ ಇದೆ. ಬೆಂಗಳೂರು ರೋಡಲ್ಲಿ ಗ್ಯಾಸ್ ಟ್ಯಾಂಕರ್ ಹಿಂದೆ 'ಹೈಲಿ ಇನ್‌ಫ್ಲೇಮಬಲ್' ಅಂತ ಇರುತ್ತೆ, 'ಇನ್' ಅಂದ್ರೆ ಇಲ್ಲ ಅಂದ್ಕೊಂಡ್ರೆ ಬೆಂಕಿ ಹತ್ತಲ್ಲ ಅಂತಾಗುತ್ತೆ, ನಿಜದಲ್ಲಿ ತಕ್ಷಣ ಹತ್ತುತ್ತೆ, ಅಲ್ಲಿರೋ 'ಇನ್' ಇಲ್ಲ ಅನ್ನೋ ಇನ್ ಅಲ್ಲ, ಒಳಗೆ ಅನ್ನೋ ಇನ್. ಆಂಟಿಬಯೋಟಿಕ್‌ನ ಆಂಟಿ ಅಂದ್ರೆ ವಿರುದ್ಧ, ಆಂಟೆನೇಟಲ್‌ನ ಆಂಟೆ ಅಂದ್ರೆ ಮುಂಚೆ, ಹೆರಿಗೆಗೆ ಮುಂಚೆ, ನಿಮ್ಮ ವಾರ್ಡಲ್ಲಿ ಎರಡೂ ದಿನಾ ಬರುತ್ತೆ, ಹುಷಾರು. ಕನ್ನಡದಲ್ಲಿ ಮುಂಚೆ, ಆಮೇಲೆ ಅನ್ನೋ ಇಂಥದ್ದು ಪದದ ಕೊನೇಲಿ ಬರುತ್ತೆ: ಪ್ರಸವಪೂರ್ವ, ಮರಣೋತ್ತರ. ಮಾನಸಗಂಗೋತ್ರೀಲಿ ಓದೋ ಸ್ನಾತಕೋತ್ತರಾನೂ ಸ್ನಾತಕ + ಉತ್ತರ, ಡಿಗ್ರಿ ಆದ ಮೇಲಿಂದು. ಪಿಪಿಬಿಎಸ್ ಅನ್ನೋ ಶುಗರ್ ಟೆಸ್ಟ್ ಹೆಸರಲ್ಲಿರೋ ಪೋಸ್ಟ್‌ಪ್ರಾಂಡಿಯಲ್ಲೂ ಊಟ ಆದ ಮೇಲೆ ಅಂತಾನೇ, ಅಲ್ಲಿ ಪೋಸ್ಟ್ ಅಂದ್ರೆ ಆದ ಮೇಲೆ.

ಅರ್ಥ ಎಷ್ಟು ದೂರ ಜಿಗಿಯುತ್ತೆ ಅಂತ ನೋಡೋಕೆ ಹಳೇ ಪಂಡಿತರು ಕೊಡೋ ಉದಾಹರಣೆ ನಂಗೆ ತುಂಬ ಇಷ್ಟ. 'ಹಾರ' ಒಂದೇ, ಮುಂದೆ ಉಪಸರ್ಗ ಬದಲಾದ್ರೆ ಆಹಾರ, ವಿಹಾರ, ಸಂಹಾರ, ಪ್ರಹಾರ, ಪರಿಹಾರ. ಸಂಸ್ಕೃತದಲ್ಲಿ ಉಪಸರ್ಗ ಇರೋದೇ 22, ಒಂದು ವಾರದಲ್ಲಿ ಕಲೀಬಹುದು. ಆದ್ರೆ ಸಂ ಅಂದ್ರೆ ಒಟ್ಟಿಗೆ ಅಂತ ಗೊತ್ತಿದ್ರೂ ಸಂಹಾರ ಅಂದ್ರೆ ಕೊಲ್ಲೋದು ಅಂತ ಊಹೆ ಮಾಡೋಕಾಗುತ್ತಾ? ಆಗಲ್ಲ. ಟಿ. ನರಸೀಪುರದ ಸಂಗಮದಲ್ಲಿ ಮಾತ್ರ ಸಂ ಕಣ್ಣಿಗೇ ಕಾಣುತ್ತೆ, ಕಾವೇರಿ ಕಪಿಲೆ ಒಟ್ಟಿಗೆ ಹೋಗೋದು. ಅದಕ್ಕೇ ಪ್ರಿಫಿಕ್ಸಿಂದ ಊಹೆ ಮಾಡಿ, ಆ ಅರ್ಥಾನ ವಾಕ್ಯದಲ್ಲಿ ಇಟ್ಟು ನೋಡಿ, ಕೂತ್ಕೊಳ್ಳಲಿಲ್ಲ ಅಂದ್ರೆ ಡಿಕ್ಷನರಿ ತೆಗೀರಿ. ಪೇಷಂಟ್ ವಿಷಯ ಆದ್ರೆ ಊಹೆ ಮಾಡ್ಲೇಬೇಡಿ, ಕೇಳಿ. ಅಂದಹಾಗೆ ಹೋಟೆಲ್ ಬೋರ್ಡಲ್ಲಿ 'ಉಪಹಾರ' ಅಂತ ಇರುತ್ತಲ್ಲ, ತಿಂಡಿ ಆದ್ರೆ ಅದು ಉಪಾಹಾರ, ಉಪ + ಆಹಾರ. ಉಪಹಾರ ಅಂದ್ರೆ ಕಾಣಿಕೆ.

ಪುಸ್ತಕದ ಪಟ್ಟಿ ಹಿಡ್ಕೊಂಡು ಕೂರಬೇಡಿ, ವಾರ್ಡಲ್ಲಿ ಅವತ್ತು ಕೇಳಿದ ಎರಡು ಪದ ನೋಟ್‌ಬುಕ್ಕಲ್ಲಿ ಬರೆದು ಒಡೀರಿ, ಪಕ್ಕದಲ್ಲಿ ಅದೇ ಪ್ರಿಫಿಕ್ಸಿರೋ ನಮ್ಮ ಪದ ಬರೀರಿ. ನಂಗೆ ಎರಡು ತಿಂಗಳಲ್ಲಿ ಬುಕ್ಕಿನ ಭಯ ಹೋಯ್ತು.

ಇನ್ನು ದುರ್ಭಿಕ್ಷ. ಕೆಟ್ಟ ಭಿಕ್ಷೆ ಅಂತ ಅಲ್ಲ. ಸುಲಭ ದುರ್ಲಭ ಅಂತೀವಲ್ಲ, ಅಲ್ಲಿ ದುರ್ ಅಂದ್ರೆ ಸಿಗೋದು ಕಷ್ಟ, ಇಲ್ಲೂ ಅದೇ. ಕೈಚಾಚಿ ಬೇಡಿದ್ರೂ ಒಂದು ಹಿಡಿ ಸಿಗದ ಕಾಲ, ಬರಗಾಲ. 1876–78ರಲ್ಲಿ ನಮ್ಮ ಮೈಸೂರು ಸೀಮೆ ಕಂಡಿತ್ತಲ್ಲ, ಅಂಥದ್ದು.