ಟೇಪ್ ಆಮೇಲೆ, ಮೊದಲು ಸಿಪಿಆರ್

ಹಾಸನದಲ್ಲಿ ಫಿಸಿಯೋಥೆರಪಿ ಓದುತ್ತಿದ್ದೀರಿ, ಕಾಲೇಜಿನ ಕಬಡ್ಡಿ ತಂಡದ ಜೊತೆ ಹೋಗಬೇಕು, ಮೊದಲು ಏನು ಕಲಿಯಲಿ ಅಂತ ಕೇಳಿದ್ದೀರಿ, ಅಲ್ವಾ? ಎಲ್ಲರೂ ಟೇಪಿಂಗ್, ಅಂದರೆ ಕೀಲಿಗೆ ಆಸರೆಯಾಗಿ ಅಂಟುಪಟ್ಟಿ ಸುತ್ತುವುದು, ಅನ್ನುತ್ತಾರೆ. ನಾನು ಸಿಪಿಆರ್ ಅನ್ನುತ್ತೇನೆ, ಅಂದರೆ ಎದೆಬಡಿತ ನಿಂತವರ ಎದೆ ಒತ್ತಿ ಉಸಿರು ಕೊಡುವುದು. 30 ಸಲ ಎದೆ ಒತ್ತಿ 2 ಉಸಿರು, ನಿಮಿಷಕ್ಕೆ 100ರಿಂದ 120ರ ವೇಗ. ತರಬೇತಿ ಗೊಂಬೆಯ ಮೇಲೆ ಕೈ ಸೋಲುವಷ್ಟು ಮಾಡಿ.

ಕಬಡ್ಡಿಯಲ್ಲಿ ಪಾದದ ಗಂಟು ಉಳುಕುವುದು ಮಾಮೂಲಿ. ಹುಡುಗ ನಾಲ್ಕು ಹೆಜ್ಜೆ ಇಡಲಾರದಿದ್ದರೆ ಎಕ್ಸ್‌ರೇಗೆ ಕಳಿಸಿ. ಕೋಚ್ ಎಷ್ಟೇ ಗದರಲಿ, ಅಂಕಣಕ್ಕೆ ಬಿಡಬೇಡಿ. ನಾನೊಮ್ಮೆ ಸುಮ್ನೆ ತಲೆಯಾಡಿಸಿಬಿಟ್ಟಿದ್ದೆ. ಆ ಹುಡುಗನಿಗೆ ಆರು ವಾರ ಪ್ಲಾಸ್ಟರ್. ಉಳುಕಿದ ಜಾಗಕ್ಕೆ ಐಸ್ ಬಟ್ಟೆಯಲ್ಲಿ ಸುತ್ತಿ ಒಂದು ಸಲಕ್ಕೆ 15-20 ನಿಮಿಷ ಇಟ್ಟರೆ ಸಾಕು.

ಟೇಪಿಂಗ್ ಅಭ್ಯಾಸಕ್ಕೆ ಹಾಸ್ಟೆಲ್ ಗೆಳೆಯರ ಕಾಲುಗಳಿವೆಯಲ್ಲ! ಮೊದಲು ಕೂದಲು ತೆಗೆಸಿ, ಇಲ್ಲದಿದ್ದರೆ ಟೇಪ್ ಕೀಳುವಾಗ ಬೈಗುಳ ಗ್ಯಾರಂಟಿ.